ಅಂಗಡಿಯ ಖಾತೆ ಪುಸ್ತಕದಲ್ಲಿರುವ ಮನೆಗಳ ಕತೆ ಬರೆಯಬಹುದೇ?

ಪ್ರಶ್ನೆ ಕೇಳಿದವರು: ಬದಿಯಡ್ಕದ ಹಳೆ ಅಡಿಕೆ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವ. ವಯಸ್ಸು 76. ತಂದೆಯವರ ಕಾಲದಿಂದ ನಮ್ಮದು ಅಡಿಕೆ ವ್ಯಾಪಾರ, ಜತೆಗೆ ಸ್ವಲ್ಪ ಕಾಳುಮೆಣಸು, ಕೊಬ್ಬರಿ. ಮಗ ದುಬೈಯಲ್ಲಿ, ಮಗಳು ಮಂಗಳೂರಿನಲ್ಲಿ. ಅಂಗಡಿಯಲ್ಲಿ ಕೂರುವವರು ಇಲ್ಲದೆ ಕಟ್ಟಡವನ್ನು ಬಾಡಿಗೆಗೆ ಕೊಟ್ಟೆ, ಈಗ ಅಲ್ಲಿ ಮೊಬೈಲ್ ಅಂಗಡಿ ಉಂಟು. ನನ್ನ ಹತ್ತಿರ ಉಳಿದದ್ದು ತಕ್ಕಡಿ, ಒಂದು ಅಡಕತ್ತರಿ, ಒಂದು ಕಪಾಟು ತುಂಬ ಕಿರ್ದಿ (ದಿನದ ಲೆಕ್ಕ), ಖಾತೆ ಪುಸ್ತಕಗಳು.

ಬರೆಯುವ ಆಸೆ ನನಗೆ ಸಣ್ಣದರಿಂದಲೇ ಇತ್ತು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಸರಕಾರಿ ಕಾಗದ ಮಲಯಾಳದಲ್ಲಿ. ಬರೆಯುವುದು ಮಾತ್ರ ಯಾವತ್ತೂ ಕನ್ನಡದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ನಮ್ಮದೇ ಮನೆಮಾತಿನವರು, ಏಸುಕ್ರಿಸ್ತನ ಕೊನೆಯ ದಿನದ ಮೇಲೆ ಕನ್ನಡದಲ್ಲಿ ಕಾವ್ಯ ಬರೆದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮೂರಿನಲ್ಲೇ ಮಾಸ್ಟ್ರಾಗಿದ್ದವರು, ತೋಟವನ್ನೂ ನೋಡಿಕೊಂಡು ನೂರು ವರ್ಷ ತುಂಬುವವರೆಗೆ ಬಾಳಿದರು. ಇಂಥ ಮಣ್ಣಿನಲ್ಲಿ ಹುಟ್ಟಿ ಒಂದು ಪುಸ್ತಕವನ್ನಾದರೂ ಬರೆಯದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ವ್ಯಾಪಾರದಲ್ಲಿದ್ದಾಗ ಬರೆದದ್ದು ಹೆಚ್ಚಾಗಿ ಕಾರ್ಡುಗಳನ್ನು. ಮಂಗಳೂರಿನ ಮಂಡಿಗಳಿಗೆ, ಅಲ್ಲಿಂದ ಗುಜರಾತಿಗೆ ಮಾಲು ಕಳುಹಿಸುವವರಿಗೆ. ಒಂದು ಕಾರ್ಡಿನಲ್ಲಿ ಮಾಲಿನ ಗುಣ, ದರ, ಮಳೆಯ ಸುದ್ದಿ, ಅವರ ಮನೆಯವರ ಕ್ಷೇಮ ಎಲ್ಲವೂ ಹಿಡಿಯಬೇಕು. ಚಿಕ್ಕದಾಗಿ ಬರೆಯಲು ಕಲಿತದ್ದು ಅಲ್ಲಿ.

ಈಗ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ವಿಷ್ಣು ಸಹಸ್ರನಾಮ ಮುಗಿಸಿ ಚಾವಡಿಯಲ್ಲಿ ಬರೆಯಲು ಕೂರುತ್ತೇನೆ. ನನ್ನ ಹುಟ್ಟು, ಶಾಲೆ, ಮದುವೆ ಇದೆಲ್ಲ ಬೇಗ ಬರೆದು ಮುಗಿಯಿತು. ಅದರಲ್ಲಿ ಹೇಳುವಂಥದ್ದು ಹೆಚ್ಚು ಇಲ್ಲ. ಹಳೆಯ ಪುಸ್ತಕಗಳನ್ನು ಬಿಚ್ಚಿದಾಗಲೇ ಬರವಣಿಗೆ ನಿಜವಾಗಿ ಶುರುವಾದದ್ದು.

ಒಂದು ಉದಾಹರಣೆ ಹೇಳುತ್ತೇನೆ. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಬಿಟ್ಟು ಕೇರಳಕ್ಕೆ ಸೇರಿತು. ಅದೇ ವಾರ ದೀಪಾವಳಿ. ಅಂಗಡಿಪೂಜೆಗೆ ತಂದೆಯವರು ಹೊಸ ಪುಸ್ತಕ ತೆರೆದಿದ್ದಾರೆ. ಕೆಂಪು ಬಟ್ಟೆಯ ರಟ್ಟು, ಉದ್ದದ ಹಾಳೆ, ಮೇಲೆ ನಡುವಿಗೆ ‘ಶ್ರೀ’, ಅದಕ್ಕೆ ಹಚ್ಚಿದ ಕುಂಕುಮ ಇನ್ನೂ ಉಂಟು. ಕೆಳಗೆ ಮೊದಲ ಜಮೆ, ಎರಡು ಗೋಣಿ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ) ಅಡಿಕೆಯದ್ದು. ರಾಜ್ಯ ಬದಲಾದ ಬಗ್ಗೆ ಒಂದು ಅಕ್ಷರವೂ ಇಲ್ಲ. ಆದರೆ ಅಲ್ಲಿಂದ ಮುಂದಿನ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರೆ ಗಡಿ ಕಾಣಲು ತೊಡಗುತ್ತದೆ: ಮಂಗಳೂರಿಗೆ ಹೋಗುವ ಮಾಲಿಗೆ ಹೊರರಾಜ್ಯದ ತೆರಿಗೆ, ಆ ತೆರಿಗೆಯ ‘ಸಿ’ ಫಾರ್ಮು, ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ಲಾರಿ ಕಾದದ್ದಕ್ಕೆ ಡ್ರೈವರನಿಗೆ ಕೊಟ್ಟ ಊಟದ ಹಣ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿಷಯದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತು. ಆ ಮಾತು ಜಾರಿಗೆ ಬರಲಿಲ್ಲ, ಡ್ರೈವರನ ಊಟದ ಖರ್ಚು ಪುಸ್ತಕದಿಂದ ಹೋಗಲೂ ಇಲ್ಲ.

ಇಷ್ಟು ಬರೆಯಲು ಯಾರ ಅಪ್ಪಣೆಯೂ ಬೇಡ. ನನ್ನ ಪ್ರಶ್ನೆ ಇನ್ನು ಮುಂದಿನದ್ದು.

ಅಡಿಕೆ ವ್ಯಾಪಾರಿಗೆ ಊರಿನ ಪ್ರತಿ ಮನೆಯ ಒಳಗಿನ ಸ್ಥಿತಿ ಗೊತ್ತಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು, ಸುಣ್ಣಕ್ಕೆ ಹಣವಿಲ್ಲದೆ ಮುಂಗಡ ಕೇಳಿಕೊಂಡು ಬರುತ್ತಾರೆ. ಕೊಳೆರೋಗ ಬಂದು ಎಳೆಕಾಯಿಯೆಲ್ಲ ಉದುರಿದ ವರ್ಷ ಆ ಮುಂಗಡ ಹಾಗೇ ಸಾಲವಾಗಿ ಮುಂದಿನ ಪುಸ್ತಕಕ್ಕೆ ಹೋಗುತ್ತದೆ. ಯಾರು ಮಗಳ ಮದುವೆಗೆ ಎಷ್ಟು ತೆಗೆದುಕೊಂಡರು, ಯಾರು ಹಳೆ ಚಾಲಿಯೆಂದು ಇಟ್ಟುಕೊಳ್ಳುವ ಶಕ್ತಿಯಿಲ್ಲದೆ ಸುಲಿದ ಮರುದಿನವೇ ತಂದು ಕೊಟ್ಟರು, ಎಲ್ಲವೂ ಉಂಟು. ಗೋಣಿಗೆ ಕೈಹಾಕಿ ಒಂದು ಅಡಿಕೆ ತೆಗೆದು ಕತ್ತರಿಯಲ್ಲಿ ಎರಡು ಮಾಡಿದರೆ ತೋಟದ ಯಜಮಾನನ ವರ್ಷ ಹೇಗೆ ಹೋಯಿತೆಂದು ತಿಳಿಯುತ್ತದೆ. ಒಳಗೆ ಬೆಳ್ಳಗೆ, ಕಂದು ಗೆರೆ ಸ್ಪಷ್ಟವಾಗಿ ಕಂಡರೆ ಅಂಗಳದಲ್ಲಿ ಚೆನ್ನಾಗಿ ಒಣಗಿದೆ, ಮನೆಯಲ್ಲಿ ಅವಸರ ಇರಲಿಲ್ಲ ಎಂದು ಅರ್ಥ. ಒಳಗೆ ಕಪ್ಪು ಹಿಡಿದಿದ್ದರೆ ಹಸಿಯಲ್ಲೇ ಕಟ್ಟಿ ತಂದಿದ್ದಾರೆ. ಅಂಥ ಮಾಲನ್ನು ಕರಿಗೋಟಿನ (ಕೆಳದರ್ಜೆಯ ಅಡಿಕೆಯ) ರಾಶಿಗೆ ಹಾಕುವಾಗ ತಂದೆಯವರು ತಂದವರ ಮುಖ ನೋಡುತ್ತಿರಲಿಲ್ಲ, ಮೊದಲು ಒಳಗೆ ಕರೆದು ಮಜ್ಜಿಗೆ ಕೊಡಿಸುತ್ತಿದ್ದರು.

1970ರ ಆಚೀಚೆ ಅಡಿಕೆಗೆ ದರವೇ ಇಲ್ಲದ ಕಾಲ ಬಂತು. ಆ ಸಂಕಟದಿಂದಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ಆ ದಿನಗಳಲ್ಲಿ ಒಬ್ಬರು ಹೆಂಗಸು, ದೊಡ್ಡ ಮನೆತನದವರೇ, ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದು ಮಗಳ ಬಳೆಗಳನ್ನು ನನ್ನ ಅಮ್ಮನ ಕೈಯಲ್ಲಿಟ್ಟು ಹೋದರು. ಅವರ ಯಜಮಾನರಿಗೆ ಇದು ಗೊತ್ತಿರಲಿಲ್ಲ. ತಂದೆಯವರು ಹಣ ಕಳುಹಿಸಿದರು. ಪುಸ್ತಕದಲ್ಲಿ ಆ ದಿನ ‘ಅಮಾನತು’ ಎಂದಷ್ಟೇ ಬರೆದಿದ್ದಾರೆ. ಹೆಸರಿನ ಜಾಗ ಖಾಲಿ, ಅಲ್ಲಿ ಕುಂಕುಮದ ಒಂದು ಬೊಟ್ಟು. ಕೆಲವು ವರ್ಷ ಕಳೆದು ಮತ್ತೊಂದು ಪುಸ್ತಕದಲ್ಲಿ ‘ಅಮಾನತು ಚುಕ್ತಾ’ ಎಂದು ಉಂಟು, ಅಲ್ಲಿಯೂ ಅದೇ ಬೊಟ್ಟು. ಬಳೆ ಹಿಂದೆ ಹೋಯಿತು. ಆ ಮನೆಯವರು ಇವತ್ತು ನಮ್ಮ ಊರಿನಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದಾರೆ.

ನನ್ನ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ತಂದೆಯವರು ಎಂಥವರು ಎಂದು ಮೊಮ್ಮಕ್ಕಳಿಗೆ ತಿಳಿಯಬೇಕಾದರೆ ಇದನ್ನೇ ಬರೆಯಬೇಕು. ಆದರೆ ಅವರೇ ಹೆಸರು ಬರೆಯದೆ ಬಿಟ್ಟದ್ದನ್ನು ನಾನು ಅಚ್ಚು ಮಾಡಿಸಬಹುದೇ? ‘ಗಲ್ಲಾಪೆಟ್ಟಿಗೆ ಎದುರು ಕೇಳಿದ ಮಾತು ಜಗಲಿ ಇಳಿಯಬಾರದು’ ಎಂದು ನನ್ನನ್ನು ಬೆಳೆಸಿದವರು ಅವರು. ಹೆಸರು ಬದಲಿಸಿ ಬರೆಯಿರಿ ಎಂದು ಮಗ ಹೇಳುತ್ತಾನೆ. ಅದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ‘ಶ್ರೀ’ ಬರೆದ ಹಾಳೆಯಲ್ಲಿ ಸುಳ್ಳು ಬರೆಯಬಾರದು ಎಂಬುದು ನಮ್ಮ ಮನೆಯ ನಿಯಮ, ನಾನು ಈಗಲೂ ಪ್ರತಿ ಹಾಳೆಯ ಮೇಲೆ ‘ಶ್ರೀ’ ಬರೆದೇ ಶುರು ಮಾಡುವುದು. ದೇವರ ಎದುರು ಸುಳ್ಳು ಹೆಸರು ಕಟ್ಟುವುದು ನನ್ನಿಂದಾಗದು.

ನನ್ನ ಹೆಂಡತಿ ನಾನು ಬರೆದದ್ದನ್ನೆಲ್ಲ ಪೆನ್ಸಿಲ್ ಹಿಡಿದು ಓದುತ್ತಾಳೆ. ‘ಪಾಪದವರು’, ‘ಬಡವರು’ ಎಂದು ಎಲ್ಲೆಲ್ಲಿ ಬರೆದಿದ್ದೇನೋ ಅಲ್ಲೆಲ್ಲ ಗೆರೆ ಎಳೆದಿದ್ದಾಳೆ. ಅವರು ನಮ್ಮ ಮನೆಯಲ್ಲಿ ಊಟ ಮಾಡಿದವರು, ಹಾಗೆ ಬರೆಯಬೇಡಿ ಎನ್ನುತ್ತಾಳೆ. ಬಳೆಯ ವಿಷಯ ಬಂದಾಗ ಮಾತ್ರ ಗೆರೆ ಎಳೆಯಲಿಲ್ಲ, ಏನೂ ಹೇಳಲೂ ಇಲ್ಲ.

ಬರೆಯುವ ಅಭ್ಯಾಸ ಇರುವವರು, ಇಂಥ ಮನೆಗಳಿಂದ ಬಂದವರು ನಿಮ್ಮ ಅಭಿಪ್ರಾಯ ಹೇಳಬೇಕು. ಇನ್ನೊಂದು: ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಪುಸ್ತಕ ಅವರಿಗೆ ತಲುಪುವ ದಾರಿ ಏನಾದರೂ ಉಂಟೇ?

---

ಉತ್ತರ: ಕುಂಬಳೆ ಮಾಸ್ಟ್ರು

ಅಣ್ಣಾ, ನಮಸ್ಕಾರ. ಕನ್ನಡ ಪಾಠ ಮಾಡಿಯೇ ನಿವೃತ್ತನಾದವ ನಾನು. ನಿಮ್ಮ ಬರಹ ಎರಡು ಸಲ ಓದಿದೆ.

ಮೊದಲು ಹೆಸರಿನ ವಿಷಯ. ಹೆಸರು ಬದಲಿಸಿದರೆ ನಮ್ಮ ಊರುಗಳಲ್ಲಿ ಉಪಯೋಗವಿಲ್ಲ. ದೊಡ್ಡ ಮನೆತನ, ಇಂಥ ಕಡೆ ತೋಟ, ಇಷ್ಟು ಹೆಣ್ಣುಮಕ್ಕಳು ಎಂದು ಬರೆದರೆ ಪೆರಡಾಲದಿಂದ ಪೆರ್ಲದವರೆಗೆ ಎಲ್ಲರಿಗೂ ಮನೆ ಗೊತ್ತಾಗುತ್ತದೆ. ಮುಚ್ಚಬೇಕಾದದ್ದು ಗುರುತನ್ನು, ಹೆಸರನ್ನಲ್ಲ. ಸುಳ್ಳು ಬರೆಯದೆಯೂ ಅದು ಸಾಧ್ಯ. ನಿಮ್ಮ ತಂದೆಯವರೇ ದಾರಿ ಹಾಕಿಕೊಟ್ಟಿದ್ದಾರಲ್ಲ! ಅವರು ‘ಶ್ರೀ’ ಇರುವ ಹಾಳೆಯಲ್ಲಿ ಸುಳ್ಳು ಹೆಸರು ಬರೆಯಲಿಲ್ಲ, ಖಾಲಿ ಬಿಟ್ಟರು. ನೀವೂ ಖಾಲಿ ಬಿಡಿ. ಆ ಎರಡು ಹಾಳೆಗಳ ಫೋಟೋವನ್ನು ಪುಸ್ತಕದಲ್ಲಿ ಹಾಕಿಸಿ, ‘ಇದು ಯಾರದೆಂದು ನನಗೆ ಗೊತ್ತು, ಬರೆಯುವುದಿಲ್ಲ’ ಎಂದು ನೇರವಾಗಿ ಹೇಳಿ. ಓದುವವರಿಗೆ ನಿಮ್ಮ ತಂದೆಯವರನ್ನು ತಿಳಿಯಲು ಅಷ್ಟು ಸಾಕು.

ಎರಡನೆಯದು, ಹುಟ್ಟು, ಶಾಲೆ ಎಂಬ ಕ್ರಮವನ್ನೇ ಬಿಟ್ಟುಬಿಡಿ. ದೀಪಾವಳಿಯಿಂದ ದೀಪಾವಳಿಗೆ ಒಂದೊಂದು ಖಾತೆ ಪುಸ್ತಕವೇ ಒಂದೊಂದು ಅಧ್ಯಾಯ ಆಗಲಿ. ಅದರಲ್ಲಿ ಅಡಿಕೆಯ ದರ, ಸುಲಿಯುವವರ ಕೂಲಿ, ಎತ್ತಿನ ಗಾಡಿಯ ಬಾಡಿಗೆ ಎಲ್ಲ ಇದ್ದಲ್ಲಿ ಬಿಡದೆ ಬರೆಯಿರಿ. ನಮ್ಮ ಗಡಿನಾಡಿನ ಬಗ್ಗೆ ಭಾಷಣ ಬೇಕಾದಷ್ಟು ಆಗಿದೆ. ಆ ಕಾಲದಲ್ಲಿ ಒಂದು ಮನೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ದಾಖಲೆ ಕಡಿಮೆ. ಮಾತುಕತೆ ಬರುವಲ್ಲಿ ತುಳು, ಕೊಂಕಣಿಯನ್ನು ಹಾಗೇ ಇಡಿ. ತುಳುವಿನಲ್ಲಿ ಮುಂಗಡ ಕೇಳಿದವರ ಬಾಯಲ್ಲಿ ಗ್ರಂಥದ ಕನ್ನಡ ಹಾಕಬೇಡಿ.

---

ಉತ್ತರ: ಪೆರ್ಲ ಕಡೆಯ ಕೃಷಿಕ

ನಾನು ತಕ್ಕಡಿಯ ಇನ್ನೊಂದು ಬದಿಯವ. ನಮ್ಮ ಅಜ್ಜನ ಹೆಸರು ನಿಮ್ಮದಲ್ಲದಿದ್ದರೂ ಇಂಥದ್ದೇ ಒಂದು ಅಂಗಡಿಯ ಪುಸ್ತಕದಲ್ಲಿ ಇದ್ದಿರಲೇಬೇಕು.

ಅಜ್ಜ ಸಾಲ ಮಾಡಿದ್ದು ನಮಗೆ ಗೊತ್ತಾದದ್ದು ಪತ್ತಾಯ (ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ) ಖಾಲಿ ಮಾಡುವಾಗ. ಅಡಿಯಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಅಂಗಡಿಯ ಚೀಟಿಗಳು, ಎಲ್ಲದರ ಮೇಲೂ ‘ಚುಕ್ತಾ’. ತೀರಿಸಿದ ಮೇಲೂ ಒಂದೊಂದನ್ನೂ ಇಟ್ಟುಕೊಂಡಿದ್ದರು. ಅದನ್ನು ಓದಿದ ದಿನದಿಂದ ನನಗೆ ಅಜ್ಜನ ಮೇಲಿನ ಗೌರವ ಹೆಚ್ಚಾಯಿತು. ಕೊಳೆರೋಗದಲ್ಲಿ ತೋಟ ಹೋದ ವರ್ಷವೂ ಅವರು ಒಂದು ಸಸಿಯನ್ನೂ ಕಡಿಯಲಿಲ್ಲ, ಕಾದರು. ಇವತ್ತು ನಾವು ಉಣ್ಣುವುದು ಅದೇ ಮರಗಳಿಂದ. ಯಾರಾದರೂ ಬರೆಯುತ್ತೇವೆ ಎಂದರೆ ‘ಹೆಸರು ಸಹಿತ ಹಾಕಿ’ ಎಂದೇ ನಾನು ಹೇಳುತ್ತಿದ್ದೆ.

ಈ ಮಾತನ್ನು ಆಯಿಯ (ಅಮ್ಮನ) ಹತ್ತಿರ ಹೇಳಿದೆ. ಅವರು ಒಪ್ಪಲಿಲ್ಲ. ‘ನಿನಗೆ ಅದು ಅಜ್ಜನ ಕತೆ. ಆ ವರ್ಷ ನನಗೆ ಶಾಲೆ ಬಿಡಿಸಿದ್ದು’ ಎಂದರು. ನಮಗೆ ಅದುವರೆಗೆ ಗೊತ್ತೇ ಇರಲಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟು: ಆ ಮನೆಯ ಗಂಡಸರ ಹತ್ತಿರ ಅಪ್ಪಣೆ ಕೇಳಿ ಬರಬೇಡಿ. ಬಳೆ ಮಗಳದ್ದು. ಅವರು ಇದ್ದಾರಾ? ಇದ್ದರೆ ಅವರನ್ನೇ ಕೇಳಿ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು, ಪುಸ್ತಕಕ್ಕೆ ಎಷ್ಟು ನಷ್ಟವಾದರೂ.

ನಿಮ್ಮ ಯಜಮಾನ್ತಿಯವರು ಯಾಕೆ ಸುಮ್ಮನಿದ್ದರು ಎಂದು ನನಗೆ ಅಂದಾಜು ಉಂಟು. ಅವರನ್ನೂ ಕೇಳಿ.

---

ಉತ್ತರ: ಉಪ್ಪಳದ ಬ್ಯಾರಿ

ಧಣಿಗಳೇ, ಸಲಾಂ. ನಮ್ಮದೂ ವ್ಯಾಪಾರದ ಮನೆ, ಬಪ್ಪ ಬಟ್ಟೆ ಅಂಗಡಿ ಇಟ್ಟಿದ್ದರು.

ಅಮಾನತ್ ಎಂದರೆ ನಮಗೆ ಅದು ದೀನಿನ (ಧರ್ಮದ) ಮಾತು. ನಂಬಿ ಕೊಟ್ಟದ್ದನ್ನು ಕೊಟ್ಟ ಹಾಗೇ ಹಿಂದಿರುಗಿಸಬೇಕು. ಬಳೆ ಮಾತ್ರ ಅಲ್ಲ, ಆ ದಿನ ಆ ತಾಯಿ ನಿಮ್ಮ ಅಮ್ಮನ ಹತ್ತಿರ ಹೇಳಿದ ಮಾತೂ ಅಮಾನತ್ತೇ. ಇನ್ನೊಬ್ಬರ ಮಾನ ಮುಚ್ಚಿದವನ ಮಾನವನ್ನು ಅಲ್ಲಾಹು ಮುಚ್ಚುತ್ತಾನೆ ಎಂದು ಮದರಸದಲ್ಲಿ ನಮಗೆ ಕಲಿಸಿದ್ದಾರೆ. ನಿಮ್ಮ ತಂದೆಯವರು ಆ ಬೊಟ್ಟು ಇಟ್ಟದ್ದು ಓದಿ ನನಗೆ ಕಣ್ಣು ತುಂಬಿತು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಯಾರೆಲ್ಲ ನಿಮಗೆ ಕೊಡಬೇಕಿತ್ತು ಎಂದು ಬರೆದಿರಿ. ದರ ಬಿದ್ದ ವರ್ಷ ನಿಮ್ಮ ತಂದೆಯವರೂ ಕೈಸೋತಿರಬೇಕಲ್ಲ? ಅಷ್ಟು ಮನೆಗಳಿಗೆ ಕೊಡಲು ಅವರಿಗೆ ಹಣ ಎಲ್ಲಿಂದ ಬಂತು? ಅವರಿಗೆ ಕೊಟ್ಟವರು ಯಾರು? ಆ ಹೆಸರುಗಳನ್ನು ಬರೆಯಲು ನಿಮಗೆ ಪೂರ್ತಿ ಹಕ್ಕು ಉಂಟು. ನಿಮ್ಮ ಮನೆಯ ಸಾಲದಿಂದ ಶುರು ಮಾಡಿದರೆ ಬೇರೆಯವರ ಸಾಲದ ಮಾತಿಗೆ ತೂಕ ಬರುತ್ತದೆ, ಓದುವವರಿಗೆ ನೋವೂ ಆಗುವುದಿಲ್ಲ.

---

ಉತ್ತರ: ಡಿಟಿಪಿ ಕೆಲಸದವಳು, ಕಾಸರಗೋಡು

ಅಂಕಲ್, ನಾನು ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಸ್ಮರಣ ಸಂಚಿಕೆ ಎಲ್ಲ ಮಾಡುತ್ತೇನೆ. ಕೆಲಸದ ವಿಷಯ ಹೇಳುತ್ತೇನೆ.

ಕೈಬರಹವನ್ನು ಟೈಪ್ ಮಾಡಿಸುವಾಗ ಯುನಿಕೋಡಿನಲ್ಲೇ ಬೇಕೆಂದು ಮೊದಲೇ ಹೇಳಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಮಾಡಿಸಿದರೆ ಮತ್ತೆ ಮೊಬೈಲಿನಲ್ಲಿ ಓದಲು, ಹುಡುಕಲು ಕಷ್ಟ. ನಿಮಗೆ ಕೈ ನೋಯುವುದಾದರೆ ಮೊಬೈಲಿನ ಕೀಬೋರ್ಡಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರ ಮಾಡುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಕೆಲವೊಮ್ಮೆ ಹಿಡಿಯುವುದಿಲ್ಲ, ತಿದ್ದಬೇಕಾಗುತ್ತದೆ. ಡೆಮಿ ಒಂದಕ್ಕೆಂಟರ (ಸಾಮಾನ್ಯ ಕಾದಂಬರಿಯ ಗಾತ್ರದ) ಅಳತೆ ಇಂಥ ಪುಸ್ತಕಕ್ಕೆ ಸಾಕು. ಡಿಜಿಟಲ್ ಪ್ರಿಂಟಿನಲ್ಲಿ ಕಡಿಮೆ ಪ್ರತಿಗಳನ್ನೂ ಮಾಡಿಸಬಹುದು. ಮೊದಲು ಮನೆಯವರಿಗೆ ಮಾತ್ರ ಮಾಡಿಸಿ, ಒಂದು ವರ್ಷ ನೋಡಿ, ಆಮೇಲೆ ಹೊರಗೆ ಕೊಡುವುದೋ ಬೇಡವೋ ತೀರ್ಮಾನಿಸಿ. ಹೊರಗೆ ಕೊಡುವುದಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ) ನಂಬರು ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಆನ್‌ಲೈನಿನಲ್ಲಿ ಅರ್ಜಿ ಹಾಕಿದರಾಯಿತು. ಮಧ್ಯದಲ್ಲಿ ಯಾರಾದರೂ ನಂಬರಿಗೇ ದುಡ್ಡು ಕೇಳಿದರೆ ಕೊಡಬೇಡಿ.

ಮೊಮ್ಮಕ್ಕಳಿಗೆ ಅಂತ ಕೇಳಿದ್ದೀರಲ್ಲ, ಪ್ರತಿ ಅಧ್ಯಾಯವನ್ನು ನೀವೇ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಓದಲು ಬಾರದಿದ್ದರೂ ಕೇಳಿದರೆ ಅವರಿಗೆ ಅರ್ಥ ಆಗುತ್ತದೆ, ಅಜ್ಜನ ಸ್ವರವೂ ಉಳಿಯುತ್ತದೆ. ಇಲ್ಲಿ 2017ರಲ್ಲಿ ಶಾಲೆಗಳಿಗೆಲ್ಲ ಮಲಯಾಳ ಕಡ್ಡಾಯ ಮಾಡಿದ ಮೇಲೆ ನನ್ನ ಮಗಳಿಗೂ ನಾನು ಸಂಜೆ ಕೂರಿಸಿ ಕನ್ನಡ ಓದಿಸುವುದು. ಅವಳಿಗೆ ಮೊದಲು ಕಿವಿಗೆ ಬಿದ್ದ ಕತೆಯನ್ನು ಆಮೇಲೆ ಪುಸ್ತಕದಲ್ಲಿ ಓದಲು ಆಸೆಯಾಗುತ್ತದೆ.

---

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಓದಿ ಎರಡು ದಿನ ಬರೆಯಲು ಕೂರಲಿಲ್ಲ, ಪುಸ್ತಕಗಳನ್ನೇ ನೋಡಿದೆ.

ಉಪ್ಪಳದವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ದರ ಬಿದ್ದ ವರ್ಷಗಳ ಕಿರ್ದಿಯಲ್ಲಿ ಒಂದೇ ಹೆಸರಿನಿಂದ ಮೇಲಿಂದ ಮೇಲೆ ಜಮೆ ಉಂಟು. ಅವರು ತಳಂಗರೆಯ ಕಡೆಯ ಒಬ್ಬ ವ್ಯಾಪಾರಿ, ನಾನು ಚಿಕ್ಕವನಿದ್ದಾಗ ಅಂಗಡಿಗೆ ಬರುತ್ತಿದ್ದದ್ದು ನೆನಪುಂಟು. ಬಂದರೆ ತಂದೆಯವರು ಗಾದಿಯಿಂದ ಎದ್ದು ನಿಲ್ಲುತ್ತಿದ್ದರು. ಸಾಲಪತ್ರ ಎಲ್ಲೂ ಸಿಗಲಿಲ್ಲ, ಬಡ್ಡಿಯ ಲೆಕ್ಕವೂ ಇಲ್ಲ. ಅವರ ಹಣದಿಂದಲೇ ತಂದೆಯವರು ಬದಿಯಡ್ಕದ ಮನೆಗಳಿಗೆ ಕೊಟ್ಟದ್ದು ಎಂದು ತಾರೀಕು ನೋಡಿದರೆ ಸ್ಪಷ್ಟವಾಗುತ್ತದೆ. ಪುಸ್ತಕದ ಮೊದಲ ಅಧ್ಯಾಯ ಇದೇ. ಅವರ ಮಕ್ಕಳನ್ನು ಹುಡುಕಿ, ಕೇಳಿ, ಹೆಸರು ಸಹಿತ ಬರೆಯುತ್ತೇನೆ.

ಪೆರ್ಲದವರು ಹೇಳಿದ ಹಾಗೆ ಹೆಂಡತಿಯನ್ನು ಕೇಳಿದೆ. ಆ ಬಳೆಯ ಮಗಳು ಮತ್ತು ಇವಳು ಪ್ರತಿ ವರ್ಷ ಮಂಜೇಶ್ವರದ ಷಷ್ಠಿಯ ರಥೋತ್ಸವದಲ್ಲಿ ಸಿಗುತ್ತಾರಂತೆ. ಅವರ ಮನೆಯವರು ನಮ್ಮ ಜಾತಿಯವರಲ್ಲ, ಆದರೂ ತೇರಿಗೆ ಬರುತ್ತಾರೆ. ಒಮ್ಮೆ ಅವರೇ ಕೈ ಮುಂದೆ ಮಾಡಿ ‘ಇದು ನಿಮ್ಮ ಮನೆಯಲ್ಲಿ ಇದ್ದದ್ದು’ ಎಂದು ತೋರಿಸಿದರಂತೆ. ಇವಳು ನನಗೆ ಇಷ್ಟು ವರ್ಷ ಹೇಳಿರಲಿಲ್ಲ. ‘ಅವರು ಹೇಳಿದ್ದು ನನಗೆ’ ಎಂದಳು. ಈ ಸಲದ ಷಷ್ಠಿಗೆ ಇಬ್ಬರೂ ಹೋಗುತ್ತೇವೆ. ಕೇಳುವವಳು ಅವಳು, ನಾನಲ್ಲ. ಅವರು ಬೇಡ ಎಂದರೆ ಮಾಸ್ಟ್ರು ಹೇಳಿದ ಹಾಳೆಯ ಫೋಟೋವನ್ನೂ ಹಾಕುವುದಿಲ್ಲ.

ಡಿಟಿಪಿಯವರೇ, ನಿಮ್ಮ ಹತ್ತಿರವೇ ಮಾಡಿಸುವ ಮನಸ್ಸುಂಟು. ಹಳೆಯ ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ, ಕೆಲವಕ್ಕೆ ಹುಳ ಬಿದ್ದಿದೆ. ಸ್ಕ್ಯಾನ್ ಮಾಡಲು ಪುಸ್ತಕದ ಹೊಲಿಗೆ ಬಿಚ್ಚಬೇಕಾಗುತ್ತದೆಯೇ? ಬಿಚ್ಚಲು ನನಗೆ ಮನಸ್ಸಿಲ್ಲ.

---

ಉತ್ತರ: ಡಿಟಿಪಿ ಕೆಲಸದವಳು, ಕಾಸರಗೋಡು

ಬಿಚ್ಚಬೇಡಿ ಅಂಕಲ್. ಸ್ಕ್ಯಾನರಿಗೆ ಒತ್ತಿ ಹಿಡಿಯುವುದೂ ಬೇಡ, ಬೆನ್ನು ಮುರಿಯುತ್ತದೆ. ಕಿಟಕಿಯ ಹತ್ತಿರ ಮೇಜಿನ ಮೇಲೆ ಅರ್ಧ ತೆರೆದಿಟ್ಟು ಎರಡೂ ಬದಿಗೆ ಬಟ್ಟೆಯ ಮಡಿಕೆ ಆಸರೆ ಕೊಟ್ಟು ಮೇಲಿಂದ ಫೋಟೋ ತೆಗೆದರೆ ಸಾಕು. ಬಿಸಿಲು ನೇರ ಬೀಳಬಾರದು. ಹುಳ ಬಿದ್ದದ್ದನ್ನು ಬೇರೆ ಪುಸ್ತಕಗಳಿಂದ ದೂರ ಇಡಿ, ಮೆತ್ತನೆಯ ಬ್ರಷ್ಷಿನಿಂದ ಒಳಗಿನಿಂದ ಹೊರಗೆ ಧೂಳು ತೆಗೆಯಿರಿ. ಕುಂಕುಮ ಇರುವ ಹಾಳೆಗೆ ಬ್ರಷ್ ಮುಟ್ಟಿಸಬೇಡಿ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಾನೇ ಕ್ಯಾಮೆರಾ ತಂದು ಬರುತ್ತೇನೆ, ಮಗಳನ್ನೂ ಕರೆದುಕೊಂಡು.